ಚಾಕುವಿನ ಬುಡದಲ್ಲೊಂದು ಚರಿತ್ರೆ

ಬಂಗಾರಪೇಟೆಯಿಂದ ಕವಲೊಡೆಯುವ ರೈಲುದಾರಿ ಕೋರಮಂಡಲ್, ಊರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟಿ ಮಾರಿಕುಪ್ಪಂಗೆ ಬಂದು ನಿಲ್ಲುತ್ತದೆ. ಕೋಲಾರ ಚಿನ್ನದ ಗಣಿಗೆಂದೇ 1894ರಲ್ಲಿ ಹಾಕಿದ ದಾರಿ ಅದು. ಈಗ ಗಣಿಯಿಲ್ಲ. ಬೆಳಗಿನ ರೈಲಿನ ತುಂಬ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿದ ಮೇಲೆ ಊರಿಗೆ ಉಳಿದದ್ದು ಸೈನೈಡ್ ಮಣ್ಣಿನ ದಿಬ್ಬಗಳು, ತುಕ್ಕು ಹಿಡಿದ ಶಾಫ್ಟುಗಳು ಮತ್ತು ಮನೆಮನೆಯ ಅಟ್ಟದ ಮೇಲಿನ ಹಳೆಯ ಟ್ರಂಕುಗಳು.

ಅಂಥ ಒಂದು ಟ್ರಂಕು ನಮ್ಮ ಮನೆಯಲ್ಲೂ ಇದೆ. ವರ್ಷಕ್ಕೊಮ್ಮೆ, ಆಯುಧ ಪೂಜೆಯ ದಿನ, ಅದನ್ನು ಕೆಳಗಿಳಿಸುತ್ತೇವೆ. ಸುತ್ತಿಗೆ, ಉಳಿ, ಇಕ್ಕಳ, ಅಡಕತ್ತರಿ, ಅಮ್ಮನ ಹೊಲಿಗೆಯ ಕತ್ತರಿ ಎಲ್ಲವೂ ಮಣೆಯ ಮೇಲೆ ಸಾಲಾಗಿ ಕೂರುತ್ತವೆ. ಸಾಲಿನ ಕೊನೆಗೆ ಒಂದು ಮಡಿಚುವ ಚಾಕು. ಮುಚ್ಚಿದರೆ ಅಂಗೈಯಲ್ಲಿ ಅಡಗುತ್ತದೆ. ಒಂದು ದೊಡ್ಡ ಅಲಗು, ಒಂದು ಚಿಕ್ಕ ಅಲಗು, ಕೊಂಬಿನ ಹಿಡಿ.

ಹೋದ ದಸರೆಗೆ ಅಕ್ಕನ ಮಗ ಬಂದಿದ್ದ. ಹತ್ತನೇ ತರಗತಿಯ ಹುಡುಗ. ಚಾಕುವನ್ನು ಕೈಗೆತ್ತಿಕೊಂಡು, ‘ಇದು ಯಾರದಜ್ಜಿ?’ ಎಂದು ಕೇಳಿದ.

‘ನಮ್ಮ ತಾತಂದು ಕಣೋ. ಕರೆಂಟು ಬಂದ ವರ್ಷ ಗಣಿಯ ಕ್ಯಾಪ್ಟನ್ ದೊರೆ ಕೊಟ್ಟಿದ್ದಂತೆ’ ಎಂದರು ಅಮ್ಮ, ಬತ್ತಿ ಹೊಸೆಯುತ್ತ.

ನಾನು ಬಲು ಹೆಮ್ಮೆಯಿಂದ ಬಾಯಿ ಹಾಕಿದೆ. ‘ಅಂದರೆ 1902! ಶಿವನಸಮುದ್ರದಲ್ಲಿ ವಿದ್ಯುತ್ ತಯಾರಿಸಿ, ಸುಮಾರು 147 ಕಿಲೋಮೀಟರ್ ತಂತಿ ಎಳೆದು ಈ ಗಣಿಗೆ ತಂದದ್ದು ಆ ವರ್ಷದ ಜೂನ್‌ನಲ್ಲಿ. ಈ ಚಾಕುವಿಗೆ ನೂರು ವರ್ಷದ ಮೇಲಾಯಿತು.’

ಹುಡುಗ ಮಾತಾಡಲಿಲ್ಲ. ಅಲಗನ್ನು ಬಿಡಿಸಿ, ಬುಡವನ್ನು ಕಿಟಕಿಯ ಬೆಳಕಿಗೆ ಹಿಡಿದು, ‘ಮಾವ, ಇಲ್ಲಿ ಏನೋ ಬರೆದಿದೆ’ ಎಂದ. ಅವನು ಹಾಗೆಂದದ್ದರಿಂದಲೇ ಈ ಲೇಖನ ಹುಟ್ಟಿತು. ಇಷ್ಟು ವರ್ಷ ಆ ಚಾಕುವಿಗೆ ಕುಂಕುಮ ಹಚ್ಚಿದ್ದೆವೇ ಹೊರತು ಅದು ಏನು ಹೇಳುತ್ತಿದೆಯೆಂದು ನಾವು ಯಾರೂ ಓದಿರಲಿಲ್ಲ.

ಗುರುತು ಏಕೆ ಬೇಕಾಯಿತು?

ನಮ್ಮ ಹಳ್ಳಿಯ ಕಮ್ಮಾರ ಕುಡುಗೋಲಿನ ಮೇಲೆ ಹೆಸರು ಕೊರೆದವನಲ್ಲ. ಕೊರೆಯುವ ಅಗತ್ಯವೂ ಇರಲಿಲ್ಲ. ಕೊಂಡವನಿಗೆ ಅವನ ಕುಲುಮೆ ಗೊತ್ತು. ಬಾಯಿ ಮುರಿದರೆ ಮರುದಿನವೇ ಹೋಗಿ ಜಗಳ ಆಡಬಹುದು. ಆದರೆ ಮಾಡಿದವನು ಒಂದು ದೇಶದಲ್ಲಿ, ಕೊಂಡವನು ಇನ್ನೊಂದು ದೇಶದಲ್ಲಿ ಇದ್ದರೆ ಏನು ಮಾಡುವುದು? ನಡುವೆ ಸಮುದ್ರವಿದ್ದಾಗ ಮಾತಿಗೆ ಬದಲಾಗಿ ಮುದ್ರೆ ಬೇಕಾಗುತ್ತದೆ. ‘ಇದು ನನ್ನ ಕೆಲಸ, ಒಳ್ಳೆಯದಾದರೂ ಕೆಟ್ಟದ್ದಾದರೂ ಹೊಣೆ ನನ್ನದು’ ಎಂದು ಹೇಳುವ ಪುಟ್ಟ ಅಚ್ಚು ಅದು.

ಇಂಗ್ಲೆಂಡಿನ ಶೆಫೀಲ್ಡ್ ಪಟ್ಟಣ ಇದಕ್ಕೆ ಹೆಸರುವಾಸಿ. ಅಲ್ಲಿನ ಚಾಕು ತಯಾರಕರಿಗೆ 1624ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯ ಮೂಲಕವೇ ಒಂದು ಸಂಘ ಸ್ಥಾಪನೆಯಾಯಿತು. ಯಾರ ಗುರುತು ಯಾವುದೆಂದು ಬರೆದಿಡುವುದು, ಒಬ್ಬನ ಗುರುತನ್ನು ಇನ್ನೊಬ್ಬ ಕದಿಯದಂತೆ ನೋಡಿಕೊಳ್ಳುವುದು ಅದರ ಮುಖ್ಯ ಕೆಲಸಗಳಲ್ಲಿ ಒಂದು. ಜರ್ಮನಿಯ ಜೋಲಿಂಗನ್ ಪಟ್ಟಣದಲ್ಲೂ ಇದೇ ಪದ್ಧತಿ. ಅಲ್ಲಿನ ಹೆಂಕೆಲ್ಸ್ ಮನೆತನ ತನ್ನ ‘ಅವಳಿ ಮಕ್ಕಳ’ ಚಿತ್ರವನ್ನು ನೋಂದಾಯಿಸಿದ್ದು 1731ರ ಜೂನ್ 13ರಂದು. ಕೈ ಹಿಡಿದು ನಿಂತ ಆ ಇಬ್ಬರು ಪುಟಾಣಿಗಳನ್ನು ಇಂದಿಗೂ ಅಡುಗೆಮನೆಯ ಚಾಕುಗಳ ಮೇಲೆ ನೋಡಬಹುದು.

ಇಲ್ಲಿ ಕನ್ನಡಿಗರು ತಿಳಿದಿರಬೇಕಾದ ಒಂದು ಸಂಗತಿಯಿದೆ. ಒಳ್ಳೆಯ ಅಲಗಿನ ಉಕ್ಕು ಮಾಡುವ ವಿದ್ಯೆಯನ್ನು ನಾವೇನೂ ಅವರಿಂದ ಕಲಿತವರಲ್ಲ. ಕಬ್ಬಿಣವನ್ನು ಮಣ್ಣಿನ ಮೂಸೆಯಲ್ಲಿ ಮುಚ್ಚಿ ಕಾಯಿಸಿ ಉಕ್ಕು ಮಾಡುವುದು ಮೈಸೂರು ಸೀಮೆಯೂ ಸೇರಿದಂತೆ ದಕ್ಷಿಣ ಭಾರತದಲ್ಲಿ ಬಹು ಹಿಂದಿನಿಂದ ನಡೆದುಬಂದ ಕಸುಬು. 1800–01ರಲ್ಲಿ ಮೈಸೂರು ಸುತ್ತಿದ ಫ್ರಾನ್ಸಿಸ್ ಬುಕಾನನ್ ಅದನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಇಂಗ್ಲಿಷರು ಇದನ್ನು ‘ವೂಟ್ಜ್’ ಎಂದು ಕರೆದರು. ಅದು ನಮ್ಮ ‘ಉಕ್ಕು’ ಪದದಿಂದಲೇ ಹುಟ್ಟಿದ್ದೆಂದು ಹಲವು ವಿದ್ವಾಂಸರ ಅಭಿಪ್ರಾಯ. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬಾತ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಈ ಉಕ್ಕಿನ ಬಗ್ಗೆ ಪ್ರಬಂಧ ಓದಿದ. ಅದಕ್ಕಾಗಿ ಜೇಮ್ಸ್ ಸ್ಟೋಡರ್ಟ್ ಎಂಬ ಲಂಡನ್ನಿನ ಚಾಕು ತಯಾರಕ ಅದನ್ನು ಬಡಿದು ನೋಡಿ ಮಾಡಿದ್ದು ಏನು ಗೊತ್ತೆ? ಒಂದು ಪೆನ್ನುಚಾಕು! ಮುಂದೆ ಇದೇ ಸ್ಟೋಡರ್ಟನ ಜೊತೆಗೂಡಿ ಉಕ್ಕಿನ ಮಿಶ್ರಲೋಹಗಳ ಪ್ರಯೋಗ ನಡೆಸಿದವನು ಮೈಕೇಲ್ ಫ್ಯಾರಡೆ. ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲಿ ಬರುವ ಫ್ಯಾರಡೆಯೇ.

ಪೆನ್ನುಚಾಕು ಎಂಬ ಹೆಸರಿಗೂ ಕಾರಣವಿದೆ. ಹಕ್ಕಿಯ ಗರಿಯಿಂದ ಬರೆಯುತ್ತಿದ್ದ ಕಾಲದಲ್ಲಿ ಅದರ ಮೊನೆ ಹೆರೆಯಲು ಇಟ್ಟುಕೊಳ್ಳುತ್ತಿದ್ದ ಪುಟ್ಟ ಅಲಗು ಅದು. ತಾಳೆಗರಿಯ ಮೇಲೆ ಬರೆಯುತ್ತಿದ್ದ ನಮ್ಮ ಕಡೆಯೂ ಇಂಥದೊಂದಿತ್ತು. ಬರೆಯುವ ಕಂಟವೂ ಗರಿ ಕತ್ತರಿಸುವ ಚಾಕುವೂ ಒಂದೇ ಹಿಡಿಯೊಳಗೆ ಮಡಿಚಿಕೊಳ್ಳುವ ಸಾಧನಕ್ಕೆ ತಮಿಳಿನಲ್ಲಿ ‘ಮಡಕ್ಕೆಳುತ್ತಾಣಿ’ ಎಂದೇ ಹೆಸರಿದೆ.

ಶೆಫೀಲ್ಡಿನಿಂದ ಮಾರಿಕುಪ್ಪಂಗೆ

ಇಂಗ್ಲೆಂಡಿನ ಚಾಕು ಕೋಲಾರದ ಗಣಿ ಕಾರ್ಮಿಕನ ಜೇಬಿಗೆ ಬಂದದ್ದು ಹೇಗೆ? 1880ರಲ್ಲಿ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಶುರುವಾಯಿತು. ಅದರ ಆಡಳಿತ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಕೈಗೆ ಬಂತು. ಇಂಗ್ಲೆಂಡಿನ ನೈರುತ್ಯ ಮೂಲೆಯಲ್ಲಿ ಕಾರ್ನ್‌ವಾಲ್ ಎಂಬ ಪ್ರಾಂತ್ಯವಿದೆ. ತವರ, ತಾಮ್ರದ ಗಣಿಗಳಿಗೆ ಹೆಸರಾದ ನಾಡು. ಅಲ್ಲಿನ ಗಣಿಗಳು ಬಡವಾಗುತ್ತಿದ್ದ ಕಾಲದಲ್ಲಿ ನುರಿತ ಗಣಿಗಾರರು ಜಗತ್ತಿನ ನಾನಾ ಕಡೆ ಹೊರಟರು. ಕೆಲವರು ಇಲ್ಲಿಗೂ ಬಂದರು. ಗಣಿಯ ಮೇಲ್ವಿಚಾರಕನನ್ನು ‘ಕ್ಯಾಪ್ಟನ್’ ಎನ್ನುವುದು ಅವರ ಊರಿನ ರೂಢಿ. ಅದು ಇಲ್ಲಿನ ಬಾಯಿಮಾತಿಗೂ ಬಂತು. ಅವರ ಜೊತೆ ಅವರ ಕ್ಲಬ್ಬು, ಚರ್ಚು, ಬಂಗಲೆಗಳು ಬಂದವು. ಊರಿಗೆ ‘ಮಿನಿ ಇಂಗ್ಲೆಂಡ್’ ಎಂಬ ಅಡ್ಡಹೆಸರೂ ಬಿತ್ತು. ಅವರ ಪೆಟ್ಟಿಗೆಗಳಲ್ಲಿ ಶೆಫೀಲ್ಡಿನ ಚಾಕು, ಕತ್ತರಿ, ಕ್ಷೌರದ ಕತ್ತಿಗಳೂ ಇದ್ದವು.

ಗಣಿಯೊಳಗೆ ಜೇಬುಚಾಕು ಶೋಕಿಯ ವಸ್ತುವಲ್ಲ. ಬಂಡೆ ಸಿಡಿಸಲು ಮದ್ದಿಗೆ ಹಚ್ಚುವ ಸುರಕ್ಷಿತ ಬತ್ತಿಯನ್ನು ಸರಿಯಾದ ಉದ್ದಕ್ಕೆ, ನೇರವಾಗಿ ಕತ್ತರಿಸಬೇಕು. ಉದ್ದ ಕಡಿಮೆಯಾದರೆ ಓಡಿ ಪಾರಾಗಲು ಸಮಯ ಸಾಲದು. ಈ ಬತ್ತಿಯನ್ನು 1831ರಲ್ಲಿ ಕಂಡುಹಿಡಿದ ವಿಲಿಯಂ ಬಿಕ್‌ಫರ್ಡ್ ಕೂಡ ಕಾರ್ನ್‌ವಾಲ್‌ನಲ್ಲಿದ್ದವನೇ. ಅಮ್ಮನ ತಾತ ಮದ್ದು ಸಿಡಿಸುವವರ ಗುಂಪಿನಲ್ಲಿದ್ದವರು. ಚಾಕು ಅವರಿಗೆ ಏಕೆ ದೊರೆತಿರಬಹುದೆಂದು ನಾನು ಈಗ ಊಹಿಸಬಲ್ಲೆ.

ಬುಡ ನೋಡಿ, ಬಾಯಿಯನ್ನಲ್ಲ

ಚಾಕು ಕಂಡೊಡನೆ ನಮ್ಮ ಕಣ್ಣು ಹೋಗುವುದು ಅದರ ಬಾಯಿಗೆ. ಆದರೆ ಚರಿತ್ರೆ ಇರುವುದು ಬುಡದಲ್ಲಿ. ಅಲಗನ್ನು ಪೂರ್ತಿ ಬಿಡಿಸಿದರೆ, ಅದು ಹಿಡಿಯೊಳಗೆ ಸೇರುವ ಜಾಗದಲ್ಲಿ ಹರಿತವಿಲ್ಲದ ಒಂದು ಚಪ್ಪಟೆ ತುಂಡು ಕಾಣುತ್ತದೆ. ತಯಾರಕರು ಮುದ್ರೆ ಒತ್ತುವುದು ಹೆಚ್ಚಾಗಿ ಅಲ್ಲೇ. ಸಾಣೆಕಲ್ಲು ಅಲ್ಲಿಗೆ ತಾಗುವುದಿಲ್ಲವಾದ್ದರಿಂದ ಬಾಯಿ ಸವೆದು ಹೋದರೂ ಬುಡದ ಬರಹ ಉಳಿದಿರುತ್ತದೆ. ಎಲ್ಲ ಅಲಗುಗಳನ್ನೂ ನೋಡಬೇಕು, ಎರಡೂ ಮಗ್ಗುಲು ನೋಡಬೇಕು. ದೊಡ್ಡದರಲ್ಲಿ ಹೆಸರಿದ್ದರೆ ಚಿಕ್ಕದರಲ್ಲಿ ಊರೋ ಮತ್ತೊಂದು ಮಾತೋ ಇರಬಹುದು. ಅಲಗಿನ ಮೈಮೇಲೆ ಆಮ್ಲದಿಂದ ಬರೆದ ತೆಳುವಾದ ಅಕ್ಷರಗಳು, ಹಿಡಿಯ ಮೇಲೆ ಕೂರಿಸಿದ ಪುಟ್ಟ ಲೋಹದ ಫಲಕ, ಇವುಗಳನ್ನೂ ಬಿಡಬಾರದು. ಆಮ್ಲದ ಬರಹ ಮೇಲ್ಮೈಯಲ್ಲಷ್ಟೇ ಇರುವುದರಿಂದ ಅದೇ ಮೊದಲು ಅಳಿಸಿಹೋಗುತ್ತದೆ.

ನಮ್ಮ ಮನೆಯ ಚಾಕುವಿಗೆ ಅಳಿಸಿಹೋಗುವ ಭಾಗ್ಯ ಬೇರೆ ರೀತಿಯಲ್ಲಿ ಬಂದಿತ್ತು. ಅಮ್ಮ ಪ್ರತಿ ಆಯುಧ ಪೂಜೆಗೂ ಅದನ್ನು ಇಟ್ಟಿಗೆ ಪುಡಿ, ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆಯುತ್ತಿದ್ದರು. ಭಕ್ತಿಯಿಂದ ಮಾಡಿದ್ದೇ, ಆದರೆ ಮುದ್ರೆಯ ಮೊದಲ ಅಕ್ಷರಗಳು ಮಾಯವಾಗಿದ್ದವು. ಹುಡುಗ ತೆಳು ಕಾಗದವನ್ನು ಬುಡದ ಮೇಲಿಟ್ಟು ಪೆನ್ಸಿಲ್‌ನಿಂದ ಮೆಲ್ಲಗೆ ಉಜ್ಜಿದ. ನಾಣ್ಯದ ಅಚ್ಚು ತೆಗೆಯುವ ಆಟ ನಾವೆಲ್ಲ ಆಡಿದ್ದೇವಲ್ಲ, ಅದೇ ಉಪಾಯ. ಆಮೇಲೆ ಟಾರ್ಚನ್ನು ನೇರವಾಗಿ ಬಿಡದೆ ಪಕ್ಕದಿಂದ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದ. ‘…ಡ್ಜರ್ಸ್ ಅಂಡ್ ಸನ್ಸ್’ ಎಂಬುದು ಮೇಲೆದ್ದು ಬಂತು. ಕೆಳಗೆ ‘ಶೆಫೀಲ್ಡ್, ಇಂಗ್ಲೆಂಡ್’. ಮೇಲೆ ಒಂದು ಕಿರೀಟ, ಅದರ ಅಕ್ಕಪಕ್ಕ ‘ಜಿ’ ಮತ್ತು ‘ಆರ್’ ಎಂಬ ಎರಡು ಇಂಗ್ಲಿಷ್ ಅಕ್ಷರಗಳು. ಪಕ್ಕದಲ್ಲಿ ಒಂದು ನಕ್ಷತ್ರ, ಒಂದು ಶಿಲುಬೆ.

ಒಂದೇ ಹೆಸರು, ಎರಡು ಮನೆ

‘ರಾಡ್ಜರ್ಸ್ ಇರಬೇಕು’ ಎಂದ ಹುಡುಗ. ಸರಿಯೇ. ಆದರೆ ಯಾವ ರಾಡ್ಜರ್ಸ್?

ಶೆಫೀಲ್ಡಿನಲ್ಲಿ ಜೋಸೆಫ್ ರಾಡ್ಜರ್ಸ್ ಅಂಡ್ ಸನ್ಸ್ ಬಹು ದೊಡ್ಡ ಹೆಸರು. ನಾರ್ಫೋಕ್ ಬೀದಿಯ 6ನೇ ನಂಬರಿನ ಕಾರ್ಖಾನೆ. ತಮ್ಮ ಕೈಚಳಕ ತೋರಿಸಲು 1822ರಲ್ಲಿ ಅವರು ಒಂದೇ ಚಾಕುವಿಗೆ 1822 ಅಲಗುಗಳನ್ನು ಜೋಡಿಸಿ ಜಗತ್ತನ್ನೇ ಬೆರಗುಗೊಳಿಸಿದ್ದರು. ಇಂಥ ಹೆಸರಿನ ನೆರಳಲ್ಲಿ ಬದುಕುವವರೂ ಇದ್ದೇ ಇರುತ್ತಾರೆ. ವಿಲಿಯಂ ರಾಡ್ಜರ್ಸ್ ಎಂಬ ಮುದ್ರೆಯ ಚಾಕುಗಳೂ ಅದೇ ಊರಿನಲ್ಲಿ ತಯಾರಾಗುತ್ತಿದ್ದವು. ಅದರ ಒಡೆತನ ಜಾನ್ ಕ್ಲಾರ್ಕ್ ಎಂಬ ಬೇರೆಯೇ ಮನೆತನದ್ದು. ‘ನನ್ನ ದಾರಿಯನ್ನು ನಾನೇ ಕಡಿದುಕೊಳ್ಳುತ್ತೇನೆ’ ಎಂಬರ್ಥದ ಇಂಗ್ಲಿಷ್ ಮಾತು ಅದರ ಗುರುತು. ಜೋಸೆಫರ ಗುರುತು ನಕ್ಷತ್ರ ಮತ್ತು ಮಾಲ್ಟಾ ಶಿಲುಬೆ. ಆದ್ದರಿಂದಲೇ ಹೆಸರಿಗಿಂತ ಚಿತ್ರವನ್ನು ನಂಬಬೇಕು. ಓದು ಬಾರದವನೂ ಚಿತ್ರ ಗುರುತಿಸಬಲ್ಲ ಎಂಬುದೇ ಚಿತ್ರ ಇಟ್ಟುದರ ಉದ್ದೇಶ. ನಮ್ಮ ಚಾಕುವಿನಲ್ಲಿ ಮೊದಲ ಹೆಸರು ಅಳಿಸಿದ್ದರೂ ನಕ್ಷತ್ರ-ಶಿಲುಬೆ ಉಳಿದಿದ್ದರಿಂದ ಅದು ಜೋಸೆಫ್ ರಾಡ್ಜರ್ಸ್ ಮನೆಯದೆಂದು ತಿಳಿಯಿತು.

ಮಕ್ಕಳಿಗೆ ಒಂದು ಒಗಟು. ಹಳೆಯ ಚಾಕುವೊಂದರ ಮೇಲೆ ಇಂಗ್ಲಿಷಿನ ‘ಐ’, ‘ಎಕ್ಸ್’, ‘ಎಲ್’ ಅಕ್ಷರಗಳಿದ್ದರೆ ಏನರ್ಥ? ರೋಮನ್ ಅಂಕಿ ಕಲಿತ ಹುಡುಗರು ಲೆಕ್ಕ ಹಾಕಲು ಹೊರಡುತ್ತಾರೆ. ಅಂಕಿಯಲ್ಲ ಅದು, ಗಟ್ಟಿಯಾಗಿ ಒಂದೇ ಉಸಿರಿಗೆ ಓದಿ ನೋಡಿ. ‘ಐ ಎಕ್ಸೆಲ್’, ‘ನಾನು ಎಲ್ಲರನ್ನೂ ಮೀರಿಸುತ್ತೇನೆ’! ಜಾರ್ಜ್ ವೋಸ್ಟನ್‌ಹೋಮ್ ಎಂಬ ಇನ್ನೊಂದು ಶೆಫೀಲ್ಡ್ ಮನೆತನದ ಮುದ್ರೆ ಇದು. ಅಮೆರಿಕದ ವ್ಯಾಪಾರ ಅವರಿಗೆ ಎಷ್ಟು ಮುಖ್ಯವಾಗಿತ್ತೆಂದರೆ ತಮ್ಮ ಕಾರ್ಖಾನೆಗೆ ‘ವಾಷಿಂಗ್ಟನ್ ವರ್ಕ್ಸ್’ ಎಂದೇ ಹೆಸರಿದ್ದರು. ಈ ಇಬ್ಬರು ಪ್ರತಿಸ್ಪರ್ಧಿಗಳು 1970ರ ದಶಕದಲ್ಲಿ ಒಂದೇ ಕಂಪನಿಯಾದರು. ಎರಡು ಹೆಸರೂ ಒಟ್ಟಿಗೆ ಇದ್ದ ಚಾಕು ಸಿಕ್ಕರೆ ಅದು ಆಮೇಲಿನದು.

ಇನ್ನೊಂದು ಒಗಟು: ಸ್ವಿಟ್ಜರ್ಲೆಂಡಿನ ಚಾಕುವಿನ ಮೇಲೆ ‘ವಿಕ್ಟೋರಿಯಾ’ ಎಂದಿದ್ದರೆ ರಾಣಿಯ ಕಾಲದ್ದೆ? ಅಲ್ಲ. 1884ರಲ್ಲಿ ಚಾಕು ತಯಾರಿಕೆ ಆರಂಭಿಸಿದ ಕಾರ್ಲ್ ಎಲ್ಸೆನರ್ ಎಂಬಾತನ ತಾಯಿಯ ಹೆಸರು ವಿಕ್ಟೋರಿಯಾ. 1909ರಲ್ಲಿ ಆಕೆ ತೀರಿಕೊಂಡಾಗ ಮಗ ಆ ಹೆಸರನ್ನು ತನ್ನ ಸರಕಿಗೆ ಇಟ್ಟ. ತುಕ್ಕು ಹಿಡಿಯದ ಉಕ್ಕಿಗೆ ಫ್ರೆಂಚಿನಲ್ಲಿ ‘ಇನಾಕ್ಸ್’ ಎನ್ನುತ್ತಾರೆ. 1921ರಲ್ಲಿ ಎರಡೂ ಸೇರಿ ‘ವಿಕ್ಟೋರಿನಾಕ್ಸ್’ ಆಯಿತು.

ಕಾಲ ತಿಳಿಸುವ ಮಾತುಗಳು

ಯಾರು ಮಾಡಿದ್ದೆಂದು ತಿಳಿದ ಮೇಲೆ ಯಾವಾಗ ಎಂಬ ಪ್ರಶ್ನೆ. ಚಾಕುವಿನ ಮೇಲೆ ಸಾಮಾನ್ಯವಾಗಿ ಇಸವಿ ಇರುವುದಿಲ್ಲ. ಸೇನೆಗೆಂದು ಮಾಡಿದ ಚಾಕುಗಳು ಇದಕ್ಕೆ ಹೊರತು. ಬ್ರಿಟಿಷ್ ಸರ್ಕಾರದ ಸ್ವತ್ತಿನ ಗುರುತಾದ ಅಗಲ ಬಾಣದ ಚಿತ್ರ, ಜೊತೆಗೆ ಇಸವಿ, ಹಗ್ಗದ ಗಂಟು ಬಿಡಿಸುವ ದಪ್ಪ ಮುಳ್ಳು, ಡಬ್ಬಿ ತೆರೆಯುವ ಕೊಕ್ಕೆ ಇದ್ದರೆ ಅದು ಸಿಪಾಯಿಯ ಚಾಕು. ಉಳಿದವುಗಳಲ್ಲಿ ಕಾಲವನ್ನು ಸುಳಿವುಗಳಿಂದ ಹಿಡಿಯಬೇಕು.

ಮೊದಲ ಸುಳಿವು ದೇಶದ ಹೆಸರು. 1890ರಲ್ಲಿ ಅಮೆರಿಕ ಮಾಡಿದ ಸುಂಕದ ಕಾಯ್ದೆಯ ಪ್ರಕಾರ, ಮರುವರ್ಷದಿಂದ ಅಲ್ಲಿಗೆ ಬರುವ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕಾಯಿತು. ಹೀಗಾಗಿ ‘ಶೆಫೀಲ್ಡ್’ ಎಂದಷ್ಟೇ ಇದ್ದ ಕಡೆ ‘ಇಂಗ್ಲೆಂಡ್’ ಸೇರಿಕೊಂಡಿತು. ‘ಇಂಗ್ಲೆಂಡ್’ ಎಂದಿದ್ದರೆ ಬಹುಮಟ್ಟಿಗೆ 1891ರ ಈಚಿನದು ಎನ್ನಬಹುದು. ಆದರೆ ಇಲ್ಲದಿದ್ದರೆ ಅದಕ್ಕೂ ಹಿಂದಿನದು ಎಂದು ಹೇಳಲಾಗದು. ಭಾರತಕ್ಕೆ ಬಂದ ಸರಕಿಗೆ ಅಮೆರಿಕದ ಕಾಯ್ದೆ ಅನ್ವಯಿಸುವುದಿಲ್ಲವಲ್ಲ. ಜರ್ಮನಿಯ ಚಾಕುವಿನ ಮೇಲೆ ‘ಪಶ್ಚಿಮ ಜರ್ಮನಿ’ ಎಂದಿದ್ದರೆ ಕೆಲಸ ಸುಲಭ. ಆ ದೇಶ ಇಬ್ಭಾಗವಾಗಿದ್ದದ್ದು 1949ರಿಂದ 1990ರವರೆಗೆ ಮಾತ್ರ.

ಎರಡನೆಯದು ಕಿರೀಟದ ಅಕ್ಕಪಕ್ಕದ ಅಕ್ಷರಗಳು. ಅರಮನೆಗೆ ಚಾಕು ಒದಗಿಸುವ ಗೌರವ ಪಡೆದ ಮನೆತನಗಳು ಆಳುವವರ ಹೆಸರಿನ ಮೊದಲಕ್ಷರ ಹಾಕಿಕೊಳ್ಳುತ್ತಿದ್ದವು. ‘ವಿ ಆರ್’ ಇದ್ದರೆ ವಿಕ್ಟೋರಿಯಾ ರಾಣಿ, ಅಂದರೆ 1837ರಿಂದ 1901. ‘ಇ ಆರ್’ ಇದ್ದರೆ 1901ರಿಂದ 1910ರವರೆಗಿನ ಏಳನೇ ಎಡ್ವರ್ಡ್. ಆದರೆ 1952ರ ನಂತರದ ಎಲಿಜಬೆತ್ ರಾಣಿಯದೂ ಅದೇ ಅಕ್ಷರ! ‘ಜಿ ಆರ್’ ಇದ್ದರೆ ಐದನೇ ಜಾರ್ಜ್ (1910–1936) ಅಥವಾ ಆರನೇ ಜಾರ್ಜ್ (1936–1952). 1830ಕ್ಕೆ ಮುಂಚೆಯೂ ಜಾರ್ಜ್ ಹೆಸರಿನ ರಾಜರಿದ್ದರು. ಆದ್ದರಿಂದ ಒಂದೇ ಸುಳಿವನ್ನು ನಂಬಿ ತೀರ್ಪು ಕೊಡಬಾರದು. ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡಬೇಕು.

ಮೂರನೆಯದು ಹಿಡಿ. ಬೇಕಲೈಟ್ ಹಿಡಿಯ ಚಾಕು 1907ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ಆ ಪ್ಲಾಸ್ಟಿಕ್ ಹುಟ್ಟಿದ್ದೇ ಆ ವರ್ಷ. ಕೊಂಬು, ಮೂಳೆ, ದಂತಗಳು ಮಾತ್ರ ಎಲ್ಲ ಕಾಲಕ್ಕೂ ಸಲ್ಲುತ್ತವೆ. ಶೆಫೀಲ್ಡಿನವರು ಹಿಡಿಗೆ ಬಳಸುತ್ತಿದ್ದ ಕಡವೆಯ ಕೊಂಬು ಹಡಗು ಹತ್ತಿ ಹೋಗುತ್ತಿದ್ದದ್ದು ನಮ್ಮ ದೇಶದಿಂದಲೇ. ನಮ್ಮ ಕಾಡಿನ ಕೊಂಬು ಅಲ್ಲಿಗೆ ಹೋಗಿ, ಚಾಕುವಾಗಿ, ತಿರುಗಿ ನಮ್ಮಲ್ಲಿಗೇ ಬಂದದ್ದೂ ಉಂಟು.

ನಾಲ್ಕನೆಯದು ಉಕ್ಕಿನ ಜಾತಿ. ಇದೇ ನಮ್ಮ ಮನೆಯಲ್ಲಿ ಗದ್ದಲ ಎಬ್ಬಿಸಿದ ಸುಳಿವು.

1902 ಸುಳ್ಳಾದ ಬಗೆ

ಹುಡುಗ ಚಿಕ್ಕ ಅಲಗಿನ ಬುಡವನ್ನೂ ಕಾಗದಕ್ಕೆ ಇಳಿಸಿದ. ಅಲ್ಲಿದ್ದದ್ದು ಒಂದೇ ಪದ: ‘ಸ್ಟೇನ್‌ಲೆಸ್’.

ತುಕ್ಕು ಹಿಡಿಯದ ಆ ಉಕ್ಕನ್ನು ಹ್ಯಾರಿ ಬ್ರಿಯರ್ಲಿ ಶೆಫೀಲ್ಡಿನ ಪ್ರಯೋಗಾಲಯದಲ್ಲಿ ಎರಕ ಹೊಯ್ದದ್ದು 1913ರಲ್ಲಿ. ಬಂದೂಕಿನ ನಳಿಗೆ ಬೇಗ ಸವೆಯದ ಲೋಹ ಹುಡುಕುತ್ತಿದ್ದವನಿಗೆ ಕ್ರೋಮಿಯಂ ಬೆರೆಸಿದ ಈ ಉಕ್ಕು ದೊರೆಯಿತು. ಚಾಕು ತಯಾರಿಕೆಗೆ ಅದು ಬಂದದ್ದು ಆಮೇಲೆ. ಅಂದಮೇಲೆ 1902ರಲ್ಲಿ ಯಾವ ದೊರೆಯೂ, ಎಷ್ಟೇ ಉದಾರಿಯಾದರೂ, ಈ ಚಾಕುವನ್ನು ಕೊಟ್ಟಿರಲು ಸಾಧ್ಯವಿಲ್ಲ. ‘ಜಿ ಆರ್’ ಅಕ್ಷರಗಳೂ 1910ರ ಈಚೆಗೇ ಬೆರಳು ತೋರಿಸುತ್ತಿದ್ದವು.

‘ಯಾರಾದರೂ ಚಿಕ್ಕ ಅಲಗನ್ನು ಆಮೇಲೆ ಬದಲಾಯಿಸಿದ್ದರೆ?’ ಎಂದು ಹುಡುಗ ತಾನೇ ಕೇಳಿಕೊಂಡ. ಒಳ್ಳೆಯ ಪ್ರಶ್ನೆ. ರಿವೆಟ್‌ಗಳನ್ನು ನೋಡಿದೆವು. ಬಿಚ್ಚಿ ಮತ್ತೆ ಬಡಿದಿದ್ದರೆ ಸುತ್ತಲೂ ಸುತ್ತಿಗೆಯ ಗಾಯ ಇರುತ್ತದೆ, ಇಲ್ಲಿ ಇರಲಿಲ್ಲ. ಎರಡು ಅಲಗಿನ ಸವೆತವೂ, ಲೋಹದ ಬಣ್ಣವೂ ಒಂದಕ್ಕೊಂದು ಹೊಂದುತ್ತಿದ್ದವು.

ನನಗೆ ಸಂಕಟವಾಯಿತು. ಅದಕ್ಕಿಂತ ಹೆಚ್ಚಾಗಿ ಅಮ್ಮನ ಮುಖ ಚಿಕ್ಕದಾಯಿತು. ‘ಹಾಗಾದರೆ ನಮ್ಮಮ್ಮ ಹೇಳಿದ್ದು ಸುಳ್ಳೇ?’ ಎಂದರು. ಎಂಬತ್ತು ವರ್ಷದ ಹೆಂಗಸು ತನ್ನ ತಾಯಿಯ ಮಾತನ್ನು ಒಂದು ಚೂರು ಕಬ್ಬಿಣದೆದುರು ಕಳೆದುಕೊಳ್ಳುತ್ತಿದ್ದರು. ಇದೆಲ್ಲಾ ಬೇಡವಾಗಿತ್ತೇನೋ ಎನಿಸಿ ನಾನು ಚಾಕುವನ್ನು ಮಡಿಚಿಡಲು ಹೋದೆ.

ಹುಡುಗ ಬಿಡಲಿಲ್ಲ. ‘ಅಜ್ಜಿ, ನಿಮ್ಮಮ್ಮ ಏನು ಹೇಳುತ್ತಿದ್ದರು? ಅವರ ಮಾತಿನಲ್ಲೇ ಹೇಳಿ’ ಎಂದ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ಕರೆಂಟು ಬಂದ ದಿನ ಬಲ್ಬು ಹೊತ್ತಿದ್ದು ಕಂಡು ಅವಳು ಹೆದರಿ ಬಾಗಿಲ ಹಿಂದೆ ಬಚ್ಚಿಟ್ಟುಕೊಂಡಳಂತೆ. ತಾತ ಬಂದು ಎತ್ತಿಕೊಂಡು, ಹೊಸ ಚಾಕುವಿನಲ್ಲಿ ಸೀಬೆಹಣ್ಣು ಕೊಯ್ದು ಕೊಟ್ಟರಂತೆ. ಆ ವರ್ಷವೇ ಕ್ಯಾಪ್ಟನ್ ದೊರೆ ಕೊಟ್ಟಿದ್ದು ಅಂತ.’

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅಜ್ಜಿ, ಅಂದರೆ ಅಮ್ಮನ ತಾಯಿ, ಹುಟ್ಟಿದ್ದೇ 1920ರ ಆಸುಪಾಸಿನಲ್ಲಿ. 1902ರಲ್ಲಿ ಬಾಗಿಲ ಹಿಂದೆ ಬಚ್ಚಿಟ್ಟುಕೊಳ್ಳಲು ಆಕೆ ಇರಲೇ ಇಲ್ಲ. ಆಕೆ ಹೇಳಿದ ಕರೆಂಟು ಗಣಿಯ ಯಂತ್ರಗಳಿಗೆ ಬಂದ ಕರೆಂಟಲ್ಲ. ತಮ್ಮ ಲೈನುಮನೆಯ ಸೂರಿನಡಿಗೆ ಬಂದ ಕರೆಂಟು. ಶಿವನಸಮುದ್ರದ ವಿದ್ಯುತ್ತು ಗಣಿಗೆ ಬಂದು ವರ್ಷಗಳೇ ಕಳೆದ ಮೇಲೆ ಆ ಮನೆಯೊಳಗೆ ದೀಪ ಹೊತ್ತಿತ್ತು. ಅಜ್ಜಿ ಎಂದೂ ಇಸವಿ ಹೇಳಿರಲಿಲ್ಲ. 1902 ಎಂದು ಸೇರಿಸಿದವನು ಪುಸ್ತಕ ಓದಿದ ನಾನು!

ಅಜ್ಜಿಯ ಮಾತು, ಚಾಕುವಿನ ಮುದ್ರೆ ಎರಡೂ ಈಗ ಒಂದಕ್ಕೊಂದು ಕೂಡಿದವು. 1913ರ ಈಚಿನ ಉಕ್ಕು, ಜಾರ್ಜ್ ರಾಜನ ಅಕ್ಷರ, 1920ರ ದಶಕದ ಕೊನೆಯ ವೇಳೆಗೆ ಪುಟ್ಟ ಹುಡುಗಿಯಾಗಿದ್ದ ಅಜ್ಜಿ. ಅಮ್ಮನ ಮುಖ ಅರಳಿತು. ‘ನಮ್ಮಮ್ಮ ಸುಳ್ಳು ಹೇಳುವವಳಲ್ಲ’ ಎಂದು ನನ್ನ ಕಡೆ ನೋಡಿಯೇ ಹೇಳಿದರು.

ನೀವೂ ನೋಡಿ

ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದೀತು. ಹುಡುಕಲು ಹೊರಡುವ ಮಕ್ಕಳಿಗೂ ಹಿರಿಯರಿಗೂ ಕೆಲವು ಸೂಚನೆಗಳು:

1. ಹಳೆಯ ಚಾಕುವಿನ ಸ್ಪ್ರಿಂಗ್ ಬಿಗಿಯಾಗಿರುತ್ತದೆ, ತಟ್ಟನೆ ಮುಚ್ಚಿಕೊಂಡು ಬೆರಳು ಕತ್ತರಿಸಬಲ್ಲದು. ಬಿಡಿಸುವುದು, ಮುಚ್ಚುವುದು ಹಿರಿಯರ ಕೆಲಸ. ಓದುವುದು ಮಕ್ಕಳ ಕೆಲಸ. ಇದನ್ನು ಶಾಲೆಗೆ ಒಯ್ಯಬೇಡಿ. ಪೆನ್ಸಿಲ್ ಅಚ್ಚಿನ ಕಾಗದ ಅಥವಾ ಫೋಟೊ ಒಯ್ದರೆ ಸಾಕು.

2. ತಿಕ್ಕಬೇಡಿ. ಉಪ್ಪುಕಾಗದ, ಇಟ್ಟಿಗೆ ಪುಡಿ, ಹುಣಸೆಹಣ್ಣು ಯಾವುದೂ ಬೇಡ. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ, ಮೆತ್ತನೆಯ ಬಟ್ಟೆ, ಮೂಲೆಯ ಕೊಳೆಗೆ ಹಲ್ಲುಕಡ್ಡಿ ಸಾಕು. ಕಪ್ಪಗಾದ ಉಕ್ಕಿನ ಬಣ್ಣ ಅದರ ವಯಸ್ಸು. ತೆಗೆದರೆ ಮತ್ತೆ ಬಾರದು.

3. ಅಕ್ಷರ ಮಸುಕಾಗಿದ್ದರೆ ಓರೆ ಬೆಳಕು, ಪೆನ್ಸಿಲ್ ಅಚ್ಚು, ಇಲ್ಲವೇ ಬೆರಳ ತುದಿಯಿಂದ ಸ್ವಲ್ಪ ಸೀಮೆಸುಣ್ಣದ ಪುಡಿ ಸವರಿ ಒರೆಸುವುದು. ಕಂಡದ್ದನ್ನು ಕಂಡಂತೆಯೇ ಬರೆದುಕೊಳ್ಳಿ. ಕಾಣದ ಅಕ್ಷರವನ್ನು ಊಹಿಸಿ ತುಂಬಬೇಡಿ, ಚುಕ್ಕೆ ಇಡಿ.

4. ಹೆಸರಿನ ಕಾಗುಣಿತ ನೋಡಿ. ದೊಡ್ಡ ಹೆಸರಿನ ಒಂದಕ್ಷರ ಬಿಟ್ಟು ಅಥವಾ ಬದಲಿಸಿ ಹೊಡೆದ ನಕಲಿ ಮುದ್ರೆಗಳು ಹಿಂದೆಯೂ ಇದ್ದವು, ಈಗಲೂ ಇವೆ. ಇಂಥ ಮೋಸ ತಡೆಯಲೆಂದೇ ಬ್ರಿಟನ್ನಿನಲ್ಲಿ 1887ರಲ್ಲಿ, ಭಾರತದಲ್ಲಿ 1889ರಲ್ಲಿ ಸರಕು ಮುದ್ರೆಗಳ ಕಾಯ್ದೆ ಬಂದವು. ಅಲಗು ಸವೆದಿದ್ದು ಮುದ್ರೆ ಮಾತ್ರ ನಿನ್ನೆ ಹೊಡೆದಂತಿದ್ದರೆ ಅನುಮಾನಿಸಿ.

5. ಹಿಡಿ ದಂತದ್ದೋ ಕೊಂಬಿನದೋ ಆಗಿದ್ದರೆ ಮಾರುವ, ಕೊಳ್ಳುವ ಯೋಚನೆ ಬೇಡ. ವನ್ಯಜೀವಿ ಸಂರಕ್ಷಣಾ ಕಾಯ್ದೆ (1972) ಇದೆ. ದಂತದ ವ್ಯಾಪಾರವಂತೂ ದೇಶದಲ್ಲಿ ಪೂರ್ತಿ ನಿಷಿದ್ಧ. ಸಂಶಯವಿದ್ದರೆ ಅರಣ್ಯ ಇಲಾಖೆಯಲ್ಲಿ ಕೇಳಿ.

‘ಇದಕ್ಕೆಷ್ಟು ಬೆಲೆ ಬರುತ್ತೆ?’ ಎಂಬುದು ಹಿರಿಯರು ಮೊದಲು ಕೇಳುವ ಪ್ರಶ್ನೆ. ದಿನಬಳಕೆಯಲ್ಲಿ ಸವೆದ ಚಾಕುವಿಗೆ ದೊಡ್ಡ ಮೊತ್ತ ಬರುವುದು ಅಪರೂಪ. ಗಣಿ ಮುಚ್ಚಿ ಜನ ಊರು ಬಿಟ್ಟಾಗ ನಮ್ಮ ಬೀದಿಯಲ್ಲೇ ಎಷ್ಟೋ ಮನೆಯ ಟ್ರಂಕುಗಳು ಗುಜರಿಗೆ ಹೋದವು, ಕಿಲೋ ಲೆಕ್ಕದಲ್ಲಿ. ನಮ್ಮ ಚಾಕುವೂ ಒಮ್ಮೆ ತಕ್ಕಡಿ ಏರಿತ್ತು. ಅಮ್ಮ ಕೊನೆ ಗಳಿಗೆಯಲ್ಲಿ ಎತ್ತಿಕೊಂಡರು.

ಇನ್ನೂ ಒಂದು ಮಾತು ಮನಸ್ಸಿನಲ್ಲಿ ಕೊರೆಯುತ್ತಿದೆ. ಆ ಚಾಕುವಿನ ಮೇಲೆ ಮಾಡಿದವರ ಹೆಸರಿದೆ, ಅವರ ಊರಿದೆ, ಅವರ ರಾಜನಿದ್ದಾನೆ. ಅದನ್ನು ಜೇಬಿನಲ್ಲಿಟ್ಟುಕೊಂಡು ದಿನವೂ ಪಾತಾಳಕ್ಕಿಳಿದವನ ಹೆಸರಿಲ್ಲ. ಅವನಿಂದ ಕಂಪನಿ ಕೇಳಿದ ಗುರುತು ಬೇರೆ ಬಗೆಯದು. 1930ರಲ್ಲಿ ಬೆರಳಚ್ಚು ಪಡೆದು ಕಾರ್ಮಿಕರನ್ನು ನೋಂದಾಯಿಸುವ ಕ್ರಮವನ್ನು ವಿರೋಧಿಸಿ ಇಲ್ಲಿ ದೊಡ್ಡ ಮುಷ್ಕರವೇ ನಡೆದಿತ್ತು.

ಹುಡುಗ ಊರಿಗೆ ಹೊರಡುವ ಮುನ್ನ ಒಂದು ರಟ್ಟಿನ ಮೇಲೆ ಮೂರು ಸಾಲು ಬರೆದು ಚಾಕುವಿನ ಜೊತೆ ಟ್ರಂಕಿನಲ್ಲಿಟ್ಟ. ಮೊದಲ ಸಾಲಿನಲ್ಲಿ ಮುದ್ರೆಯಲ್ಲಿ ಕಂಡದ್ದು. ಎರಡನೆಯದರಲ್ಲಿ ಅಜ್ಜಿಯ ಬಾಯಿಂದ ಕೇಳಿದ್ದು. ಮೂರನೆಯ ಸಾಲಿನಲ್ಲಿ ಅಮ್ಮನ ತಾತನ ಹೆಸರು, ಅವರು ಮಾಡುತ್ತಿದ್ದ ಕೆಲಸ. ಅಮ್ಮ ಅದನ್ನು ಎರಡು ಸಲ ಓದಿಸಿ ಕೇಳಿದರು. ಬರುವ ದಸರೆಗೆ ಚಾಕುವಿಗೆ ಇಟ್ಟಿಗೆ ಪುಡಿ ಹಾಕುವುದಿಲ್ಲವೆಂದೂ, ಕುಂಕುಮವನ್ನು ಬುಡಕ್ಕೆ ತಾಗದಂತೆ ಹಿಡಿಗಷ್ಟೇ ಇಡುವುದೆಂದೂ ತೀರ್ಮಾನವಾಗಿದೆ.